ತಕ್ಕಡಿ ಯಾರ ಕೈಯಲ್ಲಿ?

ಹಾಸ್ಟೆಲ್ಲಿನಲ್ಲಿ ಒಬ್ಬ ಹುಡುಗ ಗಾಂಜಾ ಸೇದುತ್ತಾನೆ. ಇನ್ನೊಬ್ಬ ಯಾರಿಗೂ ಕಾಣದಂತೆ ತನ್ನ ಮೈಯನ್ನು ತಾನೇ ಗಾಯಮಾಡಿಕೊಳ್ಳುತ್ತಾನೆ. ಎರಡರಲ್ಲಿ ಯಾವುದು ಹೆಚ್ಚು ಕೆಟ್ಟದ್ದು ಅಂತ ಮೇಷ್ಟ್ರುಗಳು ಕೇಳುತ್ತಾರೆ. ಉತ್ತರ ಹೇಳುವ ಮೊದಲು, ತೂಗುವ ತಕ್ಕಡಿ ಯಾರ ಕೈಯಲ್ಲಿದೆ ಅನ್ನೋದನ್ನು ನೋಡಬೇಕು.

ಚಾಟಿಯಿಂದ ತನ್ನ ಮೈಗೆ ತಾನೇ ಬಾರಿಸಿಕೊಂಡು ಕಾಳು ಬೇಡುವ ದುರುಗಮುರಗಿಯವನನ್ನು ನೋಡಿ ಊರು ಅದನ್ನು ದೇವಿಯ ಸೇವೆ ಅಂದಿತು. ಸಿಡಿ ಆಡಿ ಬೆನ್ನು ಹರಿದುಕೊಂಡವನದು ಹರಕೆ ಅಂದಿತು. ಅದೇ ಗಾಯವನ್ನು ನಮ್ಮ ಹುಡುಗ ಅಂಗಿಯ ತೋಳಿನೊಳಗೆ ಮುಚ್ಚಿಟ್ಟುಕೊಂಡರೆ ಅವನಿಗೆ ಹುಚ್ಚು! ತಿಂಥಣಿ ಮೌನೇಶ್ವರನ ಜಾತ್ರೆಯಲ್ಲಿ ಗಾಂಜಾ ಪ್ರಸಾದ. ಹುಡುಗನ ಜೇಬಿನಲ್ಲಿ ಅದು ಅಪರಾಧ.

ಕಾನೂನಿನ ತಕ್ಕಡಿಯೂ ಹೀಗೇ. 1985ರ ಮಾದಕವಸ್ತು ಕಾಯ್ದೆಗೆ ಗಿಡದ ಹೂತೆನೆ ಗಾಂಜಾ. ಬರೀ ಎಲೆಯ ಭಂಗಿ ಅಲ್ಲ. ಸೇದಿದವನಿಗೆ 6 ತಿಂಗಳವರೆಗೆ ಜೈಲು, ಇಲ್ಲವೇ 10,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಸಾಯಲು ಹೋಗಿ ಬದುಕಿದವನಿಗೂ ಹಳೆಯ ದಂಡಸಂಹಿತೆಯ 309ನೇ ಕಲಮು ಒಂದು ವರ್ಷದವರೆಗೆ ಸಜೆ ಹೇಳುತ್ತಿತ್ತು. 2017ರ ಮಾನಸಿಕ ಆರೋಗ್ಯ ಕಾಯ್ದೆ ಅಂಥವನು ತೀವ್ರ ಒತ್ತಡದಲ್ಲಿದ್ದನೆಂದೇ ಭಾವಿಸಬೇಕು ಅಂದಿತು. 2024ರ ಜುಲೈ 1ರಿಂದ ಜಾರಿಗೆ ಬಂದ ನ್ಯಾಯಸಂಹಿತೆಯಲ್ಲಿ ಆ ಕಲಮೇ ಇಲ್ಲ. ನಿನ್ನೆಯ ಅಪರಾಧಿ ಇವತ್ತು ನೊಂದವನು. ಗಾಂಜಾದವನಿಗೆ ಆ ಕಣ್ಣು ಇನ್ನೂ ಪೂರ್ತಿ ತೆರೆದಿಲ್ಲ.

ಹಾಗಂತ ಎರಡೂ ಒಂದೇ ಅಲ್ಲ. ಗಾಂಜಾ ನಿಧಾನವಾಗಿ ತಿನ್ನುತ್ತದೆ. ಎಳೆ ವಯಸ್ಸಿನಲ್ಲಿ ಹಿಡಿದರೆ ನೆನಪು, ಗಮನ ಕುಂದುತ್ತವೆ. ವಿಪರೀತ ಸೇದುವವರಲ್ಲಿ ಕೆಲವರಿಗೆ ಇಲ್ಲದ್ದು ಕೇಳಿಸುವ, ಕಾಣಿಸುವ ಕಾಯಿಲೆ ಬರುತ್ತದೆ. ಸೇದುವ ಹತ್ತು ಜನರಲ್ಲಿ ಸುಮಾರು ಒಬ್ಬರಿಗೆ ಬಿಡಲಾಗದ ಚಟವಾಗುತ್ತದೆ. ಮೈ ಗಾಯಮಾಡಿಕೊಳ್ಳುವವನು ಎಷ್ಟೋ ಸಲ ಸಾಯಬೇಕೆಂದು ಮಾಡುವುದಿಲ್ಲ. ತಡೆಯಲಾರದ ಸಂಕಟವನ್ನು ಒಂದು ಗಳಿಗೆ ತಡೆಯಲು ಮಾಡುತ್ತಾನೆ. ಗಳಿಗೆ ಕಳೆದ ಮೇಲೆ ನಾಚಿಕೆ, ನಾಚಿಕೆಯಿಂದ ಮತ್ತೆ ಗಾಯ. ಇಂಥವರು ಮುಂದೆ ಆತ್ಮಹತ್ಯೆಗೆ ಬಲಿಯಾಗುವ ಅಪಾಯ ಉಳಿದವರಿಗಿಂತ ಬಹಳ ಹೆಚ್ಚು. ಆದ್ದರಿಂದ ಯಾವುದನ್ನು ಮೊದಲು ಗಮನಿಸಬೇಕು ಅಂದರೆ, ಗಾಯವನ್ನೇ. ಆದರೆ ಇದು ಸರತಿಯ ಲೆಕ್ಕ, ಶಿಕ್ಷೆಯ ಲೆಕ್ಕ ಅಲ್ಲ.

ಯಾಕೆಂದರೆ ಎರಡರ ಬೇರೂ ಒಂದೇ ನೆಲದಲ್ಲಿ ಇರಬಹುದು. ತರಗತಿಯಲ್ಲಿ ಜಾತಿ ಹಿಡಿದು ಕೂಗಿಸಿಕೊಂಡವನು, ಫೇಲಾಗಿ ಊರಿಗೆ ಮುಖ ತೋರಿಸಲಾರದವನು ಆ ಸಿಟ್ಟನ್ನು ಎಲ್ಲಿಗೆ ಒಯ್ಯಬೇಕು? ಬೀದಿಗೆ ತಂದರೆ ಪೊಲೀಸರು. ಒಳಗೇ ಇಟ್ಟರೆ ಹೊಗೆ, ಇಲ್ಲವೇ ಗಾಯ. ಹೊಡೆದು ಬೈದು ಗಾಂಜಾ ಬಿಡಿಸಿ ನಾವು ಗೆದ್ದೆವು ಅಂತ ಬೀಗುವಾಗಲೇ ಆ ನೋವು ತೋಳಿಗೆ ಇಳಿದಿರಬಹುದು.

ಗೆಳೆಯರೇ, ಬಂಡಾಯ ಅಂದರೆ ಲೋಕದ ಪೆಟ್ಟನ್ನು ನಮ್ಮ ಮೈಗೆ ನಾವೇ ಹೊಡೆದುಕೊಳ್ಳುವುದಲ್ಲ. ಪೆಟ್ಟು ಕೊಟ್ಟವನ ಕೈ ಹಿಡಿಯುವುದು. ಮೇಷ್ಟ್ರೇ, ಗದರಿಸಬೇಡಿ, ಗಾಯ ತೋರಿಸು ಅನ್ನಬೇಡಿ. ಪಕ್ಕದಲ್ಲಿ ಕೂತು, "ಸಾಯಬೇಕು ಅನ್ನಿಸ್ತದೇನಪ್ಪಾ?" ಅಂತ ನೇರ ಕೇಳಿ. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ, ಹೊರೆ ಇಳಿಯುತ್ತದೆ. ಟೆಲಿ ಮಾನಸ್ 14416ಕ್ಕೆ ಕಾಸಿಲ್ಲದೆ, ಕನ್ನಡದಲ್ಲೇ ಮಾತಾಡಬಹುದು. ಹುಡುಗನ ಜೊತೆ ನೀವೂ ಕೂತು ಆ ನಂಬರು ಒತ್ತಿ.