ಬನ್ನಿಯ ಬಂಗಾರ

ಶರನ್ನವರಾತ್ರಿಯ ಒಂಬತ್ತು ದಿನಗಳ ಆರಾಧನೆಯು ಹತ್ತನೆಯ ದಿನ ಬನ್ನಿಯ ಮರದ ಅಡಿಯಲ್ಲಿ ಪೂರ್ಣಗೊಳ್ಳುತ್ತದೆ. ಉತ್ತರ ಕರ್ನಾಟಕದ ಊರುಗಳಲ್ಲಿ ಅಂದು ಸಂಜೆ ಜನರು ಸೀಮೋಲ್ಲಂಘನ ಮಾಡಿ, ಮನೆಮನೆಗೆ ಹೋಗಿ ಬನ್ನಿಯ ಎಲೆಗಳನ್ನು ಕೊಟ್ಟು, ಬಂಗಾರದಂತೆ ಬಾಳೋಣವೆಂದು ಹಾರೈಸುತ್ತಾರೆ. ಕಿರಿಯರು ಹಿರಿಯರ ಪಾದಕ್ಕೆರಗುತ್ತಾರೆ. ಮುಂಬಯಿ, ಪುಣೆಗಳಲ್ಲಿ ನೆಲೆಸಿದ ಕನ್ನಡಿಗರು ಅದೇ ದಿನ ನೆರೆಯ ಮರಾಠಿ ಬಂಧುಗಳಿಂದ ಆಪಟೆಯ ಎಲೆಯನ್ನು ಚಿನ್ನವೆಂದೇ ಸ್ವೀಕರಿಸುತ್ತಾರೆ. ಒಂದು ಎಲೆಗೆ ಬಂಗಾರದ ಬೆಲೆ ಬಂದುದು ಹೇಗೆ?

ಉತ್ತರವು ರಘು ಮಹಾರಾಜನ ಕಥೆಯಲ್ಲಿದೆ. ಕಾಳಿದಾಸನ ‘ರಘುವಂಶ’ದ ಐದನೆಯ ಸರ್ಗದಲ್ಲಿ ಆ ಪ್ರಸಂಗವು ಬರುತ್ತದೆ. ವರತಂತು ಮಹರ್ಷಿಯ ಶಿಷ್ಯನಾದ ಕೌತ್ಸನು ವಿದ್ಯಾಭ್ಯಾಸ ಮುಗಿಸಿ ಗುರುದಕ್ಷಿಣೆ ಏನೆಂದು ಕೇಳಿದನು. ನಿನ್ನ ಸೇವೆಯೇ ಸಾಕೆಂದು ಗುರುಗಳು ಹೇಳಿದರೂ ಶಿಷ್ಯನು ಹಟ ಹಿಡಿಯಲು, ಮುನಿಯು ಕೋಪದಿಂದ ಕಲಿಸಿದ 14 ವಿದ್ಯೆಗಳಿಗೆ 14 ಕೋಟಿ ಹೊನ್ನನ್ನು ತರುವಂತೆ ಆಜ್ಞಾಪಿಸಿದನು. ಕೌತ್ಸನು ರಘುವಿನ ಬಳಿಗೆ ಬಂದಾಗ ರಾಜನು ವಿಶ್ವಜಿತ್ ಯಾಗದಲ್ಲಿ ಸರ್ವಸ್ವವನ್ನೂ ದಾನ ಮಾಡಿ ಬರಿಗೈಯಲ್ಲಿದ್ದನು. ಅತಿಥಿಗೆ ಅರ್ಘ್ಯವನ್ನು ಮಣ್ಣಿನ ಪಾತ್ರೆಯಲ್ಲಿ ತಂದನು. ಅದನ್ನು ಕಂಡ ಕೌತ್ಸನು ಬೇರೆಡೆಗೆ ಹೊರಡಲನುವಾದನು. ರಘುವು ಅವನನ್ನು ತಡೆದು ಎರಡು ಮೂರು ದಿನ ಅಗ್ನಿಗೃಹದಲ್ಲಿ ನಿಲ್ಲಿಸಿಕೊಂಡು, ಕುಬೇರನ ಮೇಲೆ ದಂಡೆತ್ತಲು ಸಿದ್ಧನಾಗಿ ರಾತ್ರಿ ರಥದಲ್ಲಿಯೇ ಮಲಗಿದನು. ಬೆಳಗಾಗುವಷ್ಟರಲ್ಲಿ ಭಂಡಾರದಲ್ಲಿ ಹೊನ್ನಿನ ಮಳೆಯೇ ಸುರಿದಿತ್ತು.

ಕಥೆಯ ತಿರುಳು ಇರುವುದು ಇಲ್ಲಿಂದ ಮುಂದೆ. ಬಂದುದೆಲ್ಲ ನಿನ್ನದೇ ಎಂದನು ರಾಜ. ಗುರುವಿಗೆ ಸಲ್ಲಬೇಕಾದುದಕ್ಕಿಂತ ಒಂದು ಹೊನ್ನನ್ನೂ ಹೆಚ್ಚಾಗಿ ಮುಟ್ಟೆನೆಂದನು ಬ್ರಹ್ಮಚಾರಿ. ಸಾಕೇತದ ಜನರು ಇಬ್ಬರನ್ನೂ ಕೊಂಡಾಡಿದರು. ಉಳಿದ ಹೊನ್ನನ್ನು ಮರದ ಕೆಳಗೆ ರಾಶಿ ಹಾಕಿ ವಿಜಯದಶಮಿಯಂದು ಜನರಿಗೆ ಹಂಚಿದರೆಂದು ಜನಪದ ಪರಂಪರೆ ಹೇಳುತ್ತದೆ. ಇಬ್ಬರು ‘ನನಗೆ ಬೇಡ’ವೆಂದ ಹೊನ್ನು ಊರಿಗೆಲ್ಲ ಮಂಗಳವಾಯಿತು. ಇಬ್ಬರು ‘ನನಗೇ ಬೇಕು’ ಎಂದ ಹೊನ್ನು ಅಣ್ಣತಮ್ಮಂದಿರನ್ನು ನ್ಯಾಯಾಲಯದ ಮೆಟ್ಟಿಲೇರಿಸುತ್ತದೆ. ತಾಯಿಯ ಕೈಬಳೆಗಳಿಗಾಗಿ ಜಗಳವಾಡುವ ಮಕ್ಕಳು ಆಕೆ ಓದುತ್ತಿದ್ದ ಪುಸ್ತಕ ಯಾರಿಗೆ ಎಂದು ಕೇಳುವುದಿಲ್ಲ.

ಆಸ್ತಿಯು ಯಾರದೆಂಬ ಪ್ರಶ್ನೆಗೆ ಕನ್ನಡ ನಾಡು ಬಹಳ ಹಿಂದೆಯೇ ಗಂಭೀರವಾದ ಉತ್ತರವನ್ನು ಕೊಟ್ಟಿದೆ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಬರೆದ ‘ಮಿತಾಕ್ಷರಾ’ ವ್ಯಾಖ್ಯಾನವು ಬಂಗಾಳದಂತಹ ಕೆಲವು ಪ್ರಾಂತಗಳನ್ನುಳಿದು ಭಾರತದ ಬಹುಭಾಗಕ್ಕೆ ದಾಯವಿಭಾಗದ ಪ್ರಮಾಣಗ್ರಂಥವಾಯಿತು. ಪಿತ್ರಾರ್ಜಿತದಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕುಂಟು. ಹುಟ್ಟಿದವರಿಗಷ್ಟೇ ಅಲ್ಲದೆ ಗರ್ಭದಲ್ಲಿರುವವರಿಗೂ ಇನ್ನೂ ಹುಟ್ಟದವರಿಗೂ ಜೀವನಾಧಾರ ಬೇಕಾದುದರಿಂದ, ಸ್ಥಿರಾಸ್ತಿಯನ್ನು ಮನಬಂದಂತೆ ಪರಭಾರೆ ಮಾಡಲಾಗದು ಎಂಬುದು ಅದರ ನಿಲುವು. ಮಗಳಿಗೆ ಆ ಸಮಾನ ಹಕ್ಕು ದೊರೆಯಲು ಕರ್ನಾಟಕದಲ್ಲಿ 1994ರ ತನಕ, ದೇಶದಾದ್ಯಂತ 2005ರ ತಿದ್ದುಪಡಿಯ ತನಕ ಕಾಯಬೇಕಾಯಿತು. ಕಾನೂನು ಎಷ್ಟೋ ಬದಲಾದರೂ ಅದರೊಳಗಿನ ಧರ್ಮಸೂಕ್ಷ್ಮವು ಹಳತಾಗಿಲ್ಲ. ಮನೆಯ ಯಜಮಾನನು ದೇವಸ್ಥಾನದ ಪಾರುಪತ್ಯಗಾರನಂತೆ. ಬೀಗದ ಕೈ ಅವನ ಸೊಂಟದಲ್ಲಿದ್ದರೂ ಭಂಡಾರ ಅವನದಲ್ಲ.

ಹಾಗಾದರೆ ಆ ಬೀಗವನ್ನು ಎಂದು ತೆರೆಯಬಹುದು? ಅದೇ ಗ್ರಂಥವು ಮೂರು ಸಂದರ್ಭಗಳನ್ನು ಹೇಳುತ್ತದೆ: ಆಪತ್ಕಾಲ, ಕುಟುಂಬದ ಪೋಷಣೆ, ಧರ್ಮಕಾರ್ಯ. ಮೊದಲಿನ ಎರಡನ್ನು ಯಾರೂ ಮರೆಯುವುದಿಲ್ಲ. ಮೂರನೆಯದನ್ನು ಮರೆತ ಮನೆಯಲ್ಲಿ ಹಣ ಬೆಳೆಯುತ್ತದೆ, ಮನೆತನ ಬೆಳೆಯುವುದಿಲ್ಲ.

ಮನೆತನವನ್ನು ಬೆಳೆಸುವುದೆಂದರೇನೆಂಬುದಕ್ಕೆ ದಾನಚಿಂತಾಮಣಿ ಅತ್ತಿಮಬ್ಬೆಯ ಬಾಳೇ ಸಾಕ್ಷಿ. ಆಕೆಯ ತಂದೆ ಮಲ್ಲಪನೂ ಚಿಕ್ಕಪ್ಪ ಪುನ್ನಮಯ್ಯನೂ ಪೊನ್ನನಿಂದ ‘ಶಾಂತಿಪುರಾಣ’ವನ್ನು ಬರೆಯಿಸಿದವರು. ಪತಿ ನಾಗದೇವನು ಅಕಾಲದಲ್ಲಿ ಮಡಿದಾಗ, ಅವನಿಗೆ ಮಡದಿಯೇ ಆಗಿದ್ದ ತಂಗಿ ಗುಂಡಮಬ್ಬೆ ಸಹಗಮನ ಮಾಡಿದಳು. ಅತ್ತಿಮಬ್ಬೆಯು ಬದುಕಿ ಉಳಿದು, ಮಗ ಅಣ್ಣಿಗದೇವನನ್ನು ಬೆಳೆಸಿ, ತೌರಿನವರು ಬರೆಯಿಸಿದ ಕಾವ್ಯವು ಅಳಿಯದಂತೆ ಅದರ 1000 ಪ್ರತಿಗಳನ್ನು ಮಾಡಿಸಿ ಹಂಚಿದಳು. ಅಚ್ಚಿನ ಯಂತ್ರವಿಲ್ಲದ ಕಾಲದಲ್ಲಿ ಒಂದೊಂದು ಪ್ರತಿಯೂ ಲಿಪಿಕಾರನ ಕೈಬರಹ. 993ರಲ್ಲಿ ರನ್ನನ ‘ಅಜಿತಪುರಾಣ’ವು ಆಕೆಯ ಆಶ್ರಯದಲ್ಲಿ ಪೂರ್ಣವಾಯಿತು. ಲಕ್ಕುಂಡಿಯಲ್ಲಿ ಆಕೆ ಕಟ್ಟಿಸಿದ ಬಸದಿ ಇಂದಿಗೂ ನಿಂತಿದೆ. ತಂದೆಯ ಹಣವನ್ನು ಕಾಯುವುದಕ್ಕಿಂತ ತಂದೆಯ ಸಂಕಲ್ಪವನ್ನು ಕಾಯುವುದು ದೊಡ್ಡದೆಂದು ಆಕೆ ಬಲ್ಲವಳಾಗಿದ್ದಳು. ಆ ಕುಟುಂಬದ ಚಿನ್ನವೆಲ್ಲ ಕರಗಿತು, ಕಾವ್ಯ ಉಳಿಯಿತು.

ಮಹಾನಗರಗಳ ಕನ್ನಡಿಗರಿಗೂ ಇಂತಹ ಸಂಕಲ್ಪಗಳ ಆಸ್ತಿಯುಂಟು. ಹಗಲು ಹೋಟೆಲಿನಲ್ಲಿ ದುಡಿದು ಕನ್ನಡ ರಾತ್ರಿಶಾಲೆಯಲ್ಲಿ ಓದಿದವರ, ಒಂದೇ ಕೋಣೆಯಲ್ಲಿ ನಾಲ್ವರಿದ್ದು ತಮ್ಮಂದಿರ ಶುಲ್ಕವನ್ನು ಮನಿಯಾರ್ಡರಿನಲ್ಲಿ ಕಳುಹಿಸಿದವರ ಮಕ್ಕಳು ಮೊಮ್ಮಕ್ಕಳು ಇಂದು ಸ್ವಂತ ಮನೆಗಳಲ್ಲಿದ್ದಾರೆ. ಮನೆಯ ಕಾಗದಪತ್ರ ಎಲ್ಲಿದೆಯೆಂದು ಅವರಿಗೆ ಗೊತ್ತು. ಆ ಮನೆಯ ಮೊದಲ ರೂಪಾಯಿ ಯಾವ ಬೆವರಿನಿಂದ ಬಂದಿತೆಂದು ಹೇಳಿದವರುಂಟೆ? ಕಷ್ಟದ ಕಥೆಯನ್ನು ಮಕ್ಕಳಿಂದ ಮುಚ್ಚಿಟ್ಟು ಫಲವನ್ನಷ್ಟೇ ಕೈಗಿಡುವುದು ಪ್ರೀತಿಯಂತೆ ಕಂಡರೂ, ಬೇರನ್ನು ಕಿತ್ತು ಹೂವನ್ನು ಕೊಟ್ಟಂತೆ. ಊರಿನ ಮನೆಯನ್ನು ಉಳಿಸಲಾಗದೆ ಮಾರಬೇಕಾಗಬಹುದು, ಅದರಲ್ಲಿ ದೋಷವಿಲ್ಲ. ಬಂದುದರಲ್ಲಿ ಒಂದು ಪಾಲು ಹಿರಿಯರು ಅಕ್ಷರ ಕಲಿತ ಊರ ಶಾಲೆಗೆ ಸಂದರೆ ಅದು ಕೌತ್ಸನು ತೀರಿಸಿದ ಋಣದ ಜಾತಿಯದೇ.

ಕೌತ್ಸನು ತೆರಳುವಾಗ ರಘುವಿಗೆ ಕೊಟ್ಟ ಹರಕೆಯನ್ನು ಮರೆಯಬಾರದು. ಮಿಕ್ಕುದೆಲ್ಲವೂ ನಿನಗುಂಟು, ನಿನ್ನಂತೆಯೇ ಗುಣವಂತನಾದ ಮಗನು ನಿನಗಾಗಲಿ ಎಂದನು. ಅದರಂತೆ ಅಜನು ಹುಟ್ಟಿದನು. ಬರಿದಾದ ಭಂಡಾರ ಮರಳಿ ತುಂಬಿತ್ತು. ಆದರೂ ಬ್ರಹ್ಮಚಾರಿಯು ಹೊನ್ನು ಹೆಚ್ಚಲಿ ಎಂದು ಹರಸಲಿಲ್ಲ. ಗುಣವಿಲ್ಲದ ವಾರಸುದಾರನಿಗೆ ಬಿಟ್ಟುಹೋದ ಐಶ್ವರ್ಯವು ಕಳಶವಿಲ್ಲದ ನೀರು. ಆ ಗುಣವನ್ನು ಬರೆದುಕೊಡುವ ಮರಣಪತ್ರವೂ ಇಲ್ಲ. ಅದು ಹಿರಿಯರ ನಡತೆಯನ್ನು ನೋಡಿಯೇ ಮಕ್ಕಳಿಗೆ ಇಳಿದುಬರಬೇಕು.

ಈ ವಿಜಯದಶಮಿಯಂದು ಕೈಯಿಂದ ಕೈಗೆ ಸಾಗುವ ಬನ್ನಿಯ ಎಲೆಯು ಕೊಡುವ ರಘುವಿನ ಔದಾರ್ಯವನ್ನೂ, ಕೊಳ್ಳುವ ಕೌತ್ಸನ ಮಿತಿಯನ್ನೂ ಮನೆಮನೆಗೆ ತರಲಿ. ಜಗನ್ಮಾತೆಯು ಸಂಪತ್ತನ್ನು ಕೊಡುವಾಗ ಅದನ್ನು ಹೊರುವ ಸದ್ಬುದ್ಧಿಯನ್ನೂ ಜೊತೆಗೆ ಕರುಣಿಸಲಿ. ಸರ್ವರಿಗೂ ಸನ್ಮಂಗಳವಾಗಲಿ.