ಸಹಯಾತ್ರೆಯಲ್ಲಿ ನೆರವಿನ ಎಲ್ಲೆ

ಪತಿ ಪತ್ನಿಯರು ಒಂದೇ ಪಂದ್ಯದಲ್ಲಿ ಓಡುತ್ತಿರುವಾಗ ಪತ್ನಿಯು ದಾರಿಯ ಬದಿಯಲ್ಲಿ ಕುಸಿದು ಕುಳಿತರೆ ಪತಿಯು ನಿಲ್ಲಬೇಕೇ, ಮುಂದೆ ಹೋಗಬೇಕೇ? ಇದೂ ಒಂದು ಪ್ರಶ್ನೆಯೇ, ನಿಲ್ಲಲೇಬೇಕು ಎಂದು ವಾಚಕರು ಥಟ್ಟನೆ ಹೇಳಿಯಾರು. ನಾನೂ ಹಾಗೆಯೇ ಹೇಳಿದೆ. ಹೇಳಿದ ಮೇಲೆ ನನ್ನ ಅಣ್ಣನ ಮಗಳ ಮುಖವನ್ನು ನೋಡಿ, ಪ್ರಶ್ನೆಯನ್ನು ಪೂರ್ತಿಯಾಗಿ ಕೇಳಿಸಿಕೊಂಡು ಉತ್ತರಿಸಬೇಕಾಗಿತ್ತು ಎನಿಸಿತು.

ಆಕೆಯೂ ನಮ್ಮ ಅಳಿಯಂದಿರೂ ಬೆಂಗಳೂರಿನಲ್ಲಿ ಉದ್ಯೋಗದಲ್ಲಿದ್ದಾರೆ. ಕಳೆದ ಚಳಿಗಾಲದಲ್ಲಿ ನಾಲ್ಕು ದಿನ ರಜೆ ಪಡೆದು ಹೊಸಪೇಟೆಯ ನಮ್ಮ ಮನೆಗೆ ಬಂದಾಗ ಕಾರಿನ ಮೇಲೆ ಎರಡು ಸೈಕಲ್ಲುಗಳನ್ನು ಕಟ್ಟಿಕೊಂಡು ಬಂದಿದ್ದರು. ಅವುಗಳ ಬೆಲೆ ಕೇಳಿ ನಾನು ಸುಮ್ಮನಾದೆ. ಪರಿಗ್ರಹ ಪರಿಮಾಣದ ಮಾತನ್ನು ಮನೆಗೆ ಬಂದವರ ಮುಂದೆ ಎತ್ತುವುದು ಉಚಿತವಲ್ಲ. ಬೆಳಗಿನ ಜಾವ ಇಬ್ಬರೂ ಹೊರಟು, ಕಮಲಾಪುರವನ್ನು ದಾಟಿ, ಗಾಣಗಿತ್ತಿ ಬಸದಿಯ ಮುಂದಿನ ರಸ್ತೆಯಲ್ಲಿ ಭತ್ತದ ಗದ್ದೆಗಳ ನಡುವೆ ಕಂಪ್ಲಿಯವರೆಗೆ ಹೋಗಿ, ನಾನು ಅಂಗಡಿಯ ಬಾಗಿಲು ತೆಗೆಯುವ ಹೊತ್ತಿಗೆ ಹಿಂದಿರುಗುತ್ತಿದ್ದರು. ಒಂದು ದಿನ ಅಳಿಯಂದಿರೊಬ್ಬರೇ ಸಂಡೂರಿನ ಘಟ್ಟ ಹತ್ತಿ ಬಂದರು. ಬಿಳಿಯ ಅಂಗಿ ಅದಿರಿನ ಧೂಳಿನಿಂದ ಕೆಂಪಾಗಿತ್ತು. ಹೊಳೆಯಲ್ಲಿ ಈಜುವುದಕ್ಕೆ ಮಾತ್ರ ನಾನು ಒಪ್ಪಲಿಲ್ಲ. ತುಂಗಭದ್ರೆಯಲ್ಲಿ ಮೊಸಳೆಗಳಿವೆ.

ಈ ಕ್ರೀಡೆಗೆ ಟ್ರಯಥ್ಲಾನ್ ಎಂದು ಹೆಸರು. ಈಜು, ಸೈಕಲ್ ಸವಾರಿ, ಓಟ, ಈ ಮೂರನ್ನೂ ಒಂದರ ಹಿಂದೆ ಒಂದರಂತೆ ಒಬ್ಬರೇ ಮುಗಿಸಬೇಕು. 2000ದ ಸಿಡ್ನಿ ಒಲಿಂಪಿಕ್ಸ್‌ನಿಂದ ಇದು ಒಲಿಂಪಿಕ್ ಕ್ರೀಡೆಯೂ ಆಗಿದೆ. ಇದರ ದೀರ್ಘ ರೂಪವಾದ ಐರನ್‌ಮ್ಯಾನ್‌ನಲ್ಲಿ 3.8 ಕಿ.ಮೀ. ಈಜು, 180 ಕಿ.ಮೀ. ಸೈಕಲ್, 42.2 ಕಿ.ಮೀ. ಓಟ. ಗೋವೆಯ ಮೀರಾಮಾರ್ ಕಡಲತೀರದಲ್ಲಿ 2019ರಲ್ಲಿ ಆರಂಭವಾದದ್ದು ಇದರ ಅರ್ಧದಷ್ಟು ದೂರದ ಪಂದ್ಯ. ಒಟ್ಟು 113 ಕಿ.ಮೀ.; ಎಂಟೂವರೆ ಗಂಟೆಗಳೊಳಗೆ ಮುಗಿಯಬೇಕು. ಬಿ.ಕಾಂ. ಓದಿದವನಾದ್ದರಿಂದ ಲೆಕ್ಕ ಹಾಕದೆ ಇರಲಾರೆ: ಹೊಸಪೇಟೆಯಿಂದ ಬಳ್ಳಾರಿಗೆ ಹೋಗಿ ಬರುವ ದೂರಕ್ಕೆ ಇದು ಹತ್ತಿರ ಹತ್ತಿರ ಸಮ. ಇದು ಗಂಡಸರಿಗೆ ಮಾತ್ರ ಸಾಧ್ಯವೆಂದು ತಿಳಿಯಬೇಕಾಗಿಲ್ಲ. ಬೆಂಗಳೂರಿನ ಅನು ವೈದ್ಯನಾಥನ್ ಅವರು 2009ರಲ್ಲಿ ಕೆನಡಾದಲ್ಲಿ 10 ಕಿ.ಮೀ. ಈಜು, 420 ಕಿ.ಮೀ. ಸೈಕಲ್, 84 ಕಿ.ಮೀ. ಓಟವುಳ್ಳ, ಮೂರು ದಿನಗಳ ಅಲ್ಟ್ರಾಮ್ಯಾನ್ ಎಂಬ ಪಂದ್ಯವನ್ನೇ ಮುಗಿಸಿದವರು.

ಐರನ್‌ಮ್ಯಾನ್ ಪಂದ್ಯವನ್ನು ಆರಂಭಿಸಿದವರೂ ದಂಪತಿಗಳೇ. ಅಮೆರಿಕದ ನೌಕಾಪಡೆಯ ಅಧಿಕಾರಿ ಜಾನ್ ಕಾಲಿನ್ಸ್ ಹಾಗೂ ಅವರ ಪತ್ನಿ ಜೂಡಿ ಕಾಲಿನ್ಸ್ 1974ರಲ್ಲಿ ಸ್ಯಾನ್ ಡಿಯಾಗೋದಲ್ಲಿ ನಡೆದ ಒಂದು ಸಣ್ಣ ಟ್ರಯಥ್ಲಾನ್‌ನಲ್ಲಿ ಭಾಗವಹಿಸಿದ್ದರು. ಮುಂದೆ ಹವಾಯಿಗೆ ಹೋದಾಗ ಅದನ್ನೇ ಹಿಗ್ಗಿಸಿದರು. 1978ರ ಫೆಬ್ರವರಿ 18ರಂದು ಓವಾಹು ದ್ವೀಪದಲ್ಲಿ ಹೊರಟವರು 15 ಮಂದಿ, ಮುಗಿಸಿದವರು 12 ಮಂದಿ, ಎಲ್ಲರೂ ಗಂಡಸರು. ಅಂದು ಹಂಚಿದ ಕರಪತ್ರದಲ್ಲಿ, ಇದನ್ನು ಮುಗಿಸಿದವರು ಆಯುಷ್ಯವಿಡೀ ಬಡಾಯಿ ಹೇಳಿಕೊಳ್ಳಬಹುದು ಎಂಬ ಆಮಿಷವಿತ್ತು. ವಿನೋದಕ್ಕೆ ಬರೆದದ್ದೇ ಇರಬಹುದು. ಆದರೆ ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಎಣಿಸಿರುವ ಎಂಟು ಮದಗಳಲ್ಲಿ ಬಲಮದವೂ ಇದೆ, ತಪೋಮದವೂ ಇದೆ ಎಂಬುದನ್ನು ನಾವು ಮರೆಯುವಂತಿಲ್ಲ. ಇರುಗಪ್ಪ ದಂಡನಾಥನು ಕಟ್ಟಿಸಿದ ಗಾಣಗಿತ್ತಿ ಬಸದಿಯ ಎದುರಿಗೆ ಶಕವರ್ಷ 1307ರ ಶಾಸನವುಳ್ಳ ಎತ್ತರದ ಮಾನಸ್ತಂಭವು ಇಂದಿಗೂ ನಿಂತಿದೆ. ದರ್ಶನಮಾತ್ರದಿಂದ ಮಾನಕಷಾಯ ಇಳಿಯಲಿ ಎಂಬುದೇ ಮಾನಸ್ತಂಭದ ಉದ್ದೇಶ. ದಿನವೂ ಅದರ ಮುಂದೆಯೇ ಹೋಗುತ್ತೀರಿ, ಒಮ್ಮೆ ಇಳಿದು ನೋಡಿ ಎಂದಾಗ ಅಳಿಯಂದಿರು ನಕ್ಕು, "ಕಂಪ್ಲಿಯಿಂದ ಎದುರುಗಾಳಿಯಲ್ಲಿ ಅಲ್ಲಿಗೆ ಬರುವಷ್ಟರಲ್ಲಿ ಮಾನ ತಾನಾಗಿಯೇ ಇಳಿದಿರುತ್ತದೆ ಮಾವ" ಎಂದರು.

ಇನ್ನು ಪ್ರಕೃತ ವಿಷಯ. ಎರಡು ವರ್ಷ ಒಟ್ಟಿಗೆ ಅಭ್ಯಾಸ ಮಾಡಿ ಇವರಿಬ್ಬರೂ ಗೋವೆಯ ಪಂದ್ಯಕ್ಕೆ ಹೋಗಿದ್ದರು. ಸೂರ್ಯೋದಯಕ್ಕೆ ಮೊದಲೇ ಆಹಾರ ತೆಗೆದುಕೊಳ್ಳಬೇಕಾಯಿತು ಎಂದು ಆಕೆ ಸಂಕೋಚದಿಂದ ಹೇಳಿದಳು. ಜೇನು ಬೆರೆತ ಪದಾರ್ಥಗಳನ್ನು ಬಿಟ್ಟು ಖರ್ಜೂರ ಬೆಲ್ಲಗಳನ್ನೇ ಕಟ್ಟಿಕೊಂಡಿದ್ದರಂತೆ. ಈಜು, ಸೈಕಲ್ ಸುಸೂತ್ರವಾಗಿ ಮುಗಿದವು. ಓಟದ ಹದಿಮೂರನೆಯ ಕಿಲೋಮೀಟರಿನಲ್ಲಿ, ಕಡಲ ಸೆಕೆಯಲ್ಲಿ, ಆಕೆಗೆ ವಾಂತಿಯಾಗಿ ಕಾಲುಗಳು ಸೆಟೆದುಕೊಂಡವು. ಬೆವರಿನಲ್ಲಿ ಲವಣ ಹೋಗಿತ್ತು, ಬರಿಯ ನೀರನ್ನೇ ಹೆಚ್ಚು ಕುಡಿದಿದ್ದಳು. ಹಿಂದಿನಿಂದ ಬಂದ ಪತಿ ನಿಂತರು. ಹೋಗಿ ಎಂದು ಆಕೆ ಹೇಳಿದಳು. ಅವರು ಹೋಗಲಿಲ್ಲ. ಸ್ವಯಂಸೇವಕರು ಬಂದರು, ವೈದ್ಯರು ಬಂದು ನೋಡಿ ಅಪಾಯವಿಲ್ಲ, ವಿಶ್ರಾಂತಿ ಸಾಕು ಎಂದರು. ಆಮೇಲೂ ಅವರು ಹೋಗಲಿಲ್ಲ. ಇಬ್ಬರ ಪಂದ್ಯವೂ ಅಲ್ಲಿಗೇ ಮುಗಿಯಿತು.

ಬಂಧುಗಳೆಲ್ಲ ಅಳಿಯಂದಿರನ್ನು ಕೊಂಡಾಡಿದರು. ಆದರೆ ಅಂದಿನಿಂದ ಆ ಮನೆಯಲ್ಲಿ ಏನೋ ಒಂದು ಬಿರುಕು. "ಚಿಕ್ಕಪ್ಪ, ಹೋಗಿ ಎಂದು ನಾನು ಮೂರು ಸಲ ಹೇಳಿದೆ. ನನ್ನ ಸೋಲು ನನ್ನದು. ಇವರ ಸೋಲನ್ನೂ ನನ್ನ ಖಾತೆಗೆ ಏಕೆ ಬರೆಯಬೇಕು? ಈಗ ಯಾರು ಸಿಕ್ಕಿದರೂ, ನಿನಗಾಗಿ ಗಂಡ ಪಂದ್ಯವನ್ನೇ ಬಿಟ್ಟರಂತೆ ಎನ್ನುತ್ತಾರೆ" ಎಂದಳು. ಅಳಿಯಂದಿರು ತಲೆ ತಗ್ಗಿಸಿ, "ಹೋಗಿದ್ದರೂ ಇವಳ ಮುಖವೇ ಕಣ್ಣ ಮುಂದೆ ಇರುತ್ತಿತ್ತು ಮಾವ, ನನಗೆ ಓಡಲಾಗುತ್ತಿರಲಿಲ್ಲ" ಎಂದರು. ಇಬ್ಬರ ಮಾತೂ ಸತ್ಯವೇ. ಆದ್ದರಿಂದಲೇ ಇದನ್ನು ಬರೆಯುತ್ತಿದ್ದೇನೆ.

ಕ್ರೀಡೆಯ ನಿಯಮಗಳು ಏನೆನ್ನುತ್ತವೆ ಎಂದು ವಿಚಾರಿಸಿದೆ. ತಿಳಿದುಬಂದ ಸಂಗತಿಗಳು ನನ್ನನ್ನು ಆಲೋಚನೆಗೆ ಹಚ್ಚಿದವು. ಇಂತಹ ಪಂದ್ಯದಲ್ಲಿ ಸೈಕಲ್ ತುಳಿಯುವಾಗ ಮುಂದಿನವರಿಂದ ಸುಮಾರು 12 ಮೀಟರ್ ಅಂತರ ಬಿಡಬೇಕು. ಮುಂದಿನವರು ಗಾಳಿಯನ್ನು ಸೀಳಿದರೆ ಹಿಂದಿನವರ ಶ್ರಮ ಉಳಿಯುತ್ತದೆ, ಅದು ಕೂಡದು. ಅಂದರೆ ಪತಿಯು ಪತ್ನಿಗೆ ಗಾಳಿಯ ಮರೆಯಾಗುವಂತೆಯೂ ಇಲ್ಲ! ಅಂತರರಾಷ್ಟ್ರೀಯ ಸಂಸ್ಥೆಯ ನಿಯಮಗಳಲ್ಲಿ ಇನ್ನೊಂದು ಮಾತಿದೆ. ಸಹಸ್ಪರ್ಧಿಗೆ ಟ್ಯೂಬ್ ಕೊಡಬಹುದು, ಪಂಪ್ ಕೊಡಬಹುದು. ಆದರೆ ಕೊಟ್ಟವರೇ ಮುಂದುವರಿಯಲಾಗದಂತಹ ವಸ್ತುವನ್ನು, ಎಂದರೆ ತನ್ನ ಸೈಕಲ್ಲನ್ನೋ ಚಕ್ರವನ್ನೋ ಶಿರಸ್ತ್ರಾಣವನ್ನೋ ಕೊಟ್ಟರೆ, ಕೊಟ್ಟವರೂ ಪಡೆದವರೂ ಇಬ್ಬರೂ ಪಂದ್ಯದಿಂದ ಹೊರಗೆ. 2016ರಲ್ಲಿ ಮೆಕ್ಸಿಕೋದ ಕೊಸುಮೆಲ್‌ನಲ್ಲಿ, ಮುಂದೆ ಓಡುತ್ತಿದ್ದ ಜಾನಿ ಬ್ರೌನ್‌ಲೀ ಕೊನೆಯ ಘಟ್ಟದಲ್ಲಿ ಬಿಸಿಲಿಗೆ ತತ್ತರಿಸಿದಾಗ, ಅಣ್ಣ ಅಲಿಸ್ಟೇರ್ ತನ್ನ ಗೆಲುವಿನ ಅವಕಾಶವನ್ನು ಬಿಟ್ಟು, ತಮ್ಮನ ತೋಳನ್ನು ಹೆಗಲಿಗೇರಿಸಿಕೊಂಡು ನಡೆಸಿ, ಗೆರೆಯಾಚೆಗೆ ಅವನನ್ನು ಮೊದಲು ದಾಟಿಸಿ ತಾನು ಮೂರನೆಯವನಾದ. ಜಗತ್ತು ಕಣ್ಣೀರಿಟ್ಟು ಮೆಚ್ಚಿತು. ಮುಂದಿನ ನಿಯಮಗಳು ಮಾತ್ರ ಇನ್ನೊಬ್ಬರನ್ನು ಹಾಗೆ ಹಿಡಿದು ಮುನ್ನಡೆಸುವುದನ್ನು ನಿಷೇಧಿಸಿದವು. 2019ರ ಆಗಸ್ಟ್‌ನಲ್ಲಿ ಟೋಕಿಯೋದಲ್ಲಿ ಇಂಗ್ಲೆಂಡಿನ ಇಬ್ಬರು ಗೆಳತಿಯರು ಕೈ ಕೈ ಹಿಡಿದು ಮೊದಲಿಗರಾಗಿ ಗೆರೆ ದಾಟಿದ್ದಕ್ಕೆ ಇಬ್ಬರನ್ನೂ ಅನರ್ಹಗೊಳಿಸಲಾಯಿತು.

ಈ ನಿಯಮ ಮಾಡಿದವರು ಧರ್ಮಸೂಕ್ಷ್ಮವನ್ನು ಚಿಂತಿಸಿದವರಲ್ಲ, ಪಂದ್ಯದ ನ್ಯಾಯವನ್ನು ಮಾತ್ರ ನೋಡಿದವರು. ಕೈ ಹಿಡಿದದ್ದಕ್ಕೆ ಶಿಕ್ಷೆ ಎಂಬುದು ನನಗೆ ಇಂದಿಗೂ ಅತಿಯೆನಿಸುತ್ತದೆ. ಆದರೂ ಟ್ಯೂಬ್ ಕೊಡು, ಚಕ್ರ ಕೊಡಬೇಡ ಎಂಬಲ್ಲಿ ಒಂದು ವಿವೇಕವಿದೆ. ತುಂಗಭದ್ರಾ ಜಲಾಶಯದಲ್ಲಿ ಮೀನುಗಾರ ದಂಪತಿಗಳು ಒಂದೇ ಹರಿಗೋಲಿನಲ್ಲಿ ಕುಳಿತಿರುವುದನ್ನು ಕಾಣಬಹುದು. ಅವರ ವೃತ್ತಿಯನ್ನು ನಾವು ಒಪ್ಪದಿದ್ದರೂ ಆ ಹೊಂದಾಣಿಕೆಯನ್ನು ನೋಡಬೇಕು. ಒಬ್ಬರು ಹುಟ್ಟು ಹಾಕದಿದ್ದರೆ ಇನ್ನೊಬ್ಬರಿಗೆ ಬಲೆ ಬಿಡಲಾಗದು, ಗುಂಡಗಿನ ಹರಿಗೋಲು ನಿಂತಲ್ಲೇ ತಿರುಗುತ್ತದೆ. ಸಂಸಾರದ ಬಹುಪಾಲು ಕೆಲಸಗಳು ಹೀಗೆ. ಭಾರ ಒಂದೇ, ಹೊರುವವರು ಇಬ್ಬರು. ಜೀವಗಳು ಪರಸ್ಪರ ಉಪಕಾರ ಮಾಡುವುದೇ ಅವುಗಳ ಕಾರ್ಯ ಎಂದು ತತ್ತ್ವಾರ್ಥಸೂತ್ರದ ಐದನೆಯ ಅಧ್ಯಾಯವು ತಿಳಿಸುವುದು ನಮಗೆ ಇಲ್ಲಿ ಸುಲಭವಾಗಿ ಅರ್ಥವಾಗುತ್ತದೆ. ಆದರೆ ಹನ್ನೆರಡು ಅನುಪ್ರೇಕ್ಷೆಗಳಲ್ಲಿ ಏಕತ್ವಭಾವನೆಯೂ ಒಂದು. ವ್ರತ, ತಪಸ್ಸು, ಮರಣ ಇವುಗಳಲ್ಲಿ ಒಬ್ಬರ ಭಾರವನ್ನು ಇನ್ನೊಬ್ಬರು ಹೊರಲಾಗದು. ಜೊತೆಯಲ್ಲಿ ನಡೆಯಬಹುದು, ಅಷ್ಟೆ. ಇವರಿಬ್ಬರ ಪಂದ್ಯವು ನೋಡುವವರಿಗೆ ಹರಿಗೋಲಿನಂತೆ ಕಂಡಿತು. ಅಣ್ಣನ ಮಗಳಿಗಾದರೋ ಅದು ವ್ರತದಂತಿತ್ತು.

ಇದನ್ನು ಬರೆಯುವ ಅರ್ಹತೆ ನನಗೆಷ್ಟಿದೆ ಎಂಬುದನ್ನೂ ಹೇಳಬೇಕು. ಹದಿನೆಂಟು ವರ್ಷಗಳ ಹಿಂದೆ ಭಾದ್ರಪದದ ದಶಲಕ್ಷಣ ಪರ್ವದಲ್ಲಿ ನಮ್ಮ ಮನೆಯವರು ಹತ್ತು ದಿನಗಳ ಉಪವಾಸದ ಸಂಕಲ್ಪ ಮಾಡಿದ್ದರು. ಎಂಟನೆಯ ದಿನ ಬಸದಿಯ ಮೆಟ್ಟಿಲಲ್ಲಿ ಅವರ ಕಾಲು ತಡವರಿಸಿತು. ವೈದ್ಯರನ್ನು ಕರೆಸಿದೆ. ನಾಡಿ ಚೆನ್ನಾಗಿದೆ, ಓಡಾಟ ಕಡಿಮೆ ಮಾಡಿದರೆ ಸಾಕು ಎಂದರು. ನಾನು ಬಿಡಲಿಲ್ಲ. ಪಾರಣೆ ಮಾಡು ಎಂದು ಒತ್ತಾಯಿಸಿದೆ. ನೀನು ಉಣ್ಣದಿದ್ದರೆ ನಾನೂ ಉಣ್ಣುವುದಿಲ್ಲ ಎಂದು ಹಟ ಹಿಡಿದೆ. ಅಂದು ರಾತ್ರಿಯೆಲ್ಲ ಅವರು ಮಾತನಾಡಲಿಲ್ಲ. ಒಂಬತ್ತನೆಯ ದಿನ ಬೆಳಿಗ್ಗೆ ಪಾರಣೆ ಮಾಡಿದರು. ನಾನು ಅವರ ಪ್ರಾಣವನ್ನು ಉಳಿಸಿದೆನೆಂದು ಹಲವು ವರ್ಷ ಸಮಾಧಾನಪಟ್ಟುಕೊಂಡಿದ್ದೆ. ಅಳಿಯಂದಿರು ಅಂದು ಆಡಿದ ಮಾತು ಕಿವಿಗೆ ಬಿದ್ದಾಗ ನನಗೆ ಹೊಳೆಯಿತು: ನಾನು ಪರಿಹರಿಸಿಕೊಂಡದ್ದು ನನ್ನ ಸಂಕಟವನ್ನು. ಅವರ ಒಣಗಿದ ತುಟಿಯನ್ನು ನನ್ನಿಂದ ನೋಡಲಾಗಲಿಲ್ಲ. ಅದಕ್ಕಾಗಿ ಅವರ ಸಂಕಲ್ಪವನ್ನು ಕಿತ್ತುಕೊಂಡು, ಅದಕ್ಕೆ ಪ್ರೀತಿ ಎಂದು ಹೆಸರಿಟ್ಟೆ.

ಹಾಗೆಂದು ಸಂಕಲ್ಪವೆಂದರೆ ಮುಟ್ಟಬಾರದ ವಸ್ತುವೆಂದೂ ನಾನು ಹೇಳಲಾರೆ. ಅಮೆರಿಕದ ಟಿಮ್ ಒಡಾನೆಲ್, ಹವಾಯಿಯ ಪಂದ್ಯವನ್ನು 2010, 2013, 2014ರಲ್ಲಿ ಗೆದ್ದ ಮಿರಿಂಡಾ ಕಾರ್ಫ್ರೇ ಅವರ ಪತಿ. ತಾವೂ 2019ರಲ್ಲಿ ಅಲ್ಲಿ ಎರಡನೆಯವರಾದವರು. 2021ರ ಮಾರ್ಚ್‌ನಲ್ಲಿ ಮಯಾಮಿಯ ಪಂದ್ಯದ ನಡುವೆ ಅವರಿಗೆ ಹೃದಯಾಘಾತವಾಯಿತು. ಎದೆ ಬಿಗಿಯುತ್ತಿದ್ದರೂ ನಿಲ್ಲದೆ ಪಂದ್ಯವನ್ನು ಮುಗಿಸಿಯೇ ಆಸ್ಪತ್ರೆ ಸೇರಿದರು, ಬದುಕಿದ್ದು ಪುಣ್ಯ. ಮನೆಯಲ್ಲಿ ಇಬ್ಬರು ಎಳೆಯ ಮಕ್ಕಳು. ಇದು ದೃಢತೆಯೆಂದು ಹೊಗಳುವವರಿದ್ದಾರೆ. ನನಗೆ ಹಾಗೆ ತೋರುವುದಿಲ್ಲ. ಅಂತಹ ಕ್ಷಣದಲ್ಲಿ ಪಕ್ಕದಲ್ಲಿರುವವರು ಅಪ್ಪಣೆ ಕೇಳದೆ ಕೈ ಹಿಡಿದು ನಿಲ್ಲಿಸಬೇಕು. ಪ್ರಮಾದವಿರುವೆಡೆ ಸ್ವಹಿಂಸೆಯೂ ಹಿಂಸೆಯೇ.

ಆದ್ದರಿಂದ ನಾನು ಅವರಿಬ್ಬರಿಗೂ ಹೇಳಿದ್ದು ಇಷ್ಟು. ಆಕೆ ಕುಸಿದಾಗ ನೀವು ನಿಂತದ್ದು ಸರಿ. ನಿಲ್ಲದಿದ್ದರೆ ನಾನು ನಿಮ್ಮೊಡನೆ ಮಾತನಾಡುತ್ತಿರಲಿಲ್ಲ. ವೈದ್ಯರು ಬಂದು ಭರವಸೆ ಕೊಟ್ಟ ಮೇಲೆ ಉಳಿದದ್ದು ಆಕೆಗಾಗಿಯೇ, ನಿಮಗಾಗಿಯೇ ಎಂದು ನಿಮ್ಮನ್ನೇ ಕೇಳಿಕೊಳ್ಳಿ. ಅಳಿಯಂದಿರು ಬಹಳ ಹೊತ್ತು ಸುಮ್ಮನಿದ್ದು, "ನನಗಾಗಿಯೇ ಇರಬೇಕು" ಎಂದರು. ಅಣ್ಣನ ಮಗಳ ಮುಖದಲ್ಲಿ ಒಂದು ಗೆಲುವು ಮೂಡಿದ್ದನ್ನು ನೋಡಿ, ಆಕೆಗೂ ಒಂದು ಮಾತು ಹೇಳಬೇಕೆನಿಸಿತು.

ಭರತ ಬಾಹುಬಲಿಯರ ಸ್ಪರ್ಧೆಯೂ ಮೂರು ಬಗೆಯದೇ: ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ. ಮೂರರಲ್ಲಿಯೂ ಗೆದ್ದ ಬಾಹುಬಲಿಯು ಎಲ್ಲವನ್ನೂ ತ್ಯಜಿಸಿ ಒಂದು ವರ್ಷ ಪ್ರತಿಮಾಯೋಗದಲ್ಲಿ ನಿಂತರೂ ಕೇವಲಜ್ಞಾನವು ತಡೆದು ನಿಂತಿತು. ತನ್ನಿಂದ ಅಣ್ಣನಿಗೆ ಕ್ಲೇಶವಾಯಿತಲ್ಲಾ ಎಂಬ ಎಳೆಯೊಂದು ಮನದಲ್ಲಿ ಉಳಿದಿತ್ತೆಂದು ಜಿನಸೇನಾಚಾರ್ಯರು ಆದಿಪುರಾಣದಲ್ಲಿ ನಿರೂಪಿಸುತ್ತಾರೆ. ಭರತನೇ ಬಂದು ಪೂಜಿಸಿದಾಗ ಆ ಎಳೆ ಕಳಚಿತು. ಸೋತವನು ತಾನಾಗಿಯೇ ನಡೆದು ಬರಬೇಕಾಯಿತು. ನಿನ್ನ ಪತಿ ತಾವಾಗಿಯೇ ಬಿಟ್ಟದ್ದನ್ನು ನೀನು ಸಾಲವೆಂದು ಬರೆದಿಟ್ಟುಕೊಂಡು ವರ್ಷವಾಯಿತು. ಅವರು ಸಾಲ ಕೊಟ್ಟೆನೆಂದು ಎಂದೂ ಹೇಳಿಲ್ಲ. ಕೊಡದ ಸಾಲಕ್ಕೆ ಬಡ್ಡಿ ಕಟ್ಟುವುದು ಯಾವ ಅಂಗಡಿಯ ಲೆಕ್ಕ ತಾಯಿ, ಎಂದೆ. ಆಕೆ ಏನೂ ಹೇಳಲಿಲ್ಲ. ಮರುದಿನ ಬೆಳಿಗ್ಗೆ ಇಬ್ಬರೂ ಕಂಪ್ಲಿಗೆ ಹೋದವರು ಎಂದಿಗಿಂತ ತಡವಾಗಿ ಬಂದರು. ಗಾಣಗಿತ್ತಿಯಲ್ಲಿ ಇಳಿದು ಕುಳಿತಿದ್ದರಂತೆ.

ಹೊರಡುವ ಮೊದಲು ಅವರು ತಮ್ಮೊಳಗೆ ಒಂದು ಒಪ್ಪಂದ ಮಾಡಿಕೊಂಡರು. ಯಾರೇ ಕುಸಿದರೂ ಇನ್ನೊಬ್ಬರು ನಿಲ್ಲಬೇಕು. ವೈದ್ಯರು ನೋಡಿ ಅಪಾಯವಿಲ್ಲವೆಂದ ಮೇಲೆ, ಕುಸಿದವರು ಹೋಗೆಂದರೆ ಹೋಗಬೇಕು. ಅವರೆಕಾಯಿ ಸುಲಿಯುತ್ತ ಕುಳಿತಿದ್ದ ನಮ್ಮ ಮನೆಯವರು ತಲೆಯೆತ್ತದೆ, "ಮಕ್ಕಳದು ಇತ್ಯರ್ಥವಾಯಿತು. ಬರುವ ಭಾದ್ರಪದಕ್ಕೆ ನೀವು ಏನೆಂದು ಒಪ್ಪಿಕೊಳ್ಳುತ್ತೀರಿ?" ಎಂದರು. ಈಗ ಅವರಿಗೆ ಅರವತ್ತು ತುಂಬಿದೆ. ನಾನು ಇನ್ನೂ ಉತ್ತರ ಕೊಟ್ಟಿಲ್ಲ.