ಇಳುವರಿ ಮತ್ತು ಬರಕತ್ತು

ಮದ್ದೂರು ತಾಲೂಕಿನ ಸೋಮನಹಳ್ಳಿಯ ಕಡೆ ಕಬ್ಬು ಕಡಿದ ರೈತನಿಗೆ ಎದುರಾಗುವ ಮೊದಲ ಪ್ರಶ್ನೆ, "ಎಕರೆಗೆ ಎಷ್ಟು ಟನ್ ಬಂತಣ್ಣ?" ಎಂಬುದು. ಊರು ಇದನ್ನು ಇಳುವರಿ ಎನ್ನುತ್ತದೆ, ಸರಕಾರಿ ಕಡತ ಉತ್ಪಾದಕತೆ ಎನ್ನುತ್ತದೆ. ಹಾಕಿದ್ದಕ್ಕೆ ಬಂದದ್ದೆಷ್ಟು ಎಂಬುದಷ್ಟೇ ಇದರ ಅರ್ಥ.

ಈ ಲೆಕ್ಕವನ್ನು ನಾವು ಹೀಗಳೆಯುವಂತಿಲ್ಲ. ಕನ್ನಂಬಾಡಿ ಕಟ್ಟೆಯ ನೀರು ವಿಶ್ವೇಶ್ವರಯ್ಯ ನಾಲೆಯಲ್ಲಿ ಹರಿದು, 1933ರಲ್ಲಿ ಮಂಡ್ಯಕ್ಕೆ ಸಕ್ಕರೆ ಕಾರ್ಖಾನೆ ಬಂದ ಮೇಲೆ ಈ ಸೀಮೆಯ ಬದುಕೇ ಬದಲಾಯಿತು. ಹಸಿದವರ ಮುಂದೆ ಇಳುವರಿಯನ್ನು ಗೇಲಿ ಮಾಡುವುದು ಹೊಟ್ಟೆ ತುಂಬಿದವರ ಚಟ.

ಆದರೆ ಇದು ಯಾರ ಲೆಕ್ಕ? ರೈತ ಎಕರೆಗೆ ಎಷ್ಟು ಟನ್ ಎಂದು ನೋಡುತ್ತಾನೆ. ಕಾರ್ಖಾನೆ ನೂರು ಕಿಲೋ ಕಬ್ಬಿಗೆ ಎಷ್ಟು ಕಿಲೋ ಸಕ್ಕರೆ ಎಂದು ನೋಡುತ್ತದೆ. ಅದೇ ಕಬ್ಬು ಎಷ್ಟು ನೀರು ಕುಡಿಯಿತೆಂದು ಕಾವೇರಿಯ ಪರವಾಗಿ ಕೇಳುವವರು ಕಡಿಮೆ. ಒಂದು ಲೆಕ್ಕದಲ್ಲಿ ಗೆದ್ದ ಗದ್ದೆ ಇನ್ನೊಂದರಲ್ಲಿ ಸೋಲಬಹುದು.

ಈ ಪದ ಗದ್ದೆಯಿಂದ ಮನುಷ್ಯನ ಮೇಲೇರಿದಾಗ ಕಷ್ಟ ಇನ್ನೂ ಹೆಚ್ಚುತ್ತದೆ. 1958ರಲ್ಲಿ ನಮ್ಮ ದೇಶದಲ್ಲಿ ರಾಷ್ಟ್ರೀಯ ಉತ್ಪಾದಕತಾ ಮಂಡಳಿಯೇ ಸ್ಥಾಪನೆಯಾಯಿತು. ಇಂದು ಗಾರ್ಮೆಂಟ್ಸ್‌ನಲ್ಲಿ ಹೊಲಿಯುವ ಹೆಣ್ಣುಮಕ್ಕಳ ಬೆಲೆ ಗಂಟೆಗೆ ಇಷ್ಟು ಪೀಸು ಎಂಬುದರಲ್ಲಿದೆ. ಮತ್ತೆ ಮತ್ತೆ ಏಳಬೇಕಾದೀತೆಂದು ನೀರನ್ನೇ ಕುಡಿಯದೆ ಕೂರುವವರನ್ನು ನಾವು ಬಲ್ಲೆವು. ಅವರೇ ಸಂಜೆ ಮನೆಗೆ ಬಂದು ಮುದ್ದೆ ತಿರುವಿ, ಅತ್ತೆಗೆ ಔಷಧಿ ಕೊಟ್ಟು, ಮಕ್ಕಳನ್ನು ಮಲಗಿಸಿದರೆ ಅದು ಯಾವ ಲೆಕ್ಕಕ್ಕೂ ಇಲ್ಲ. 2019ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗಿದ ಮಹಿಳೆಯರು ಅದಕ್ಕೆ ಕೊಡುವುದು ದಿನಕ್ಕೆ ಸರಾಸರಿ 299 ನಿಮಿಷ, ಪುರುಷರು 97 ನಿಮಿಷ. ಆದರೂ ಮನೆಗೆಲಸವನ್ನಷ್ಟೇ ಮಾಡುವ ಗೃಹಿಣಿಯನ್ನು ನಮ್ಮ ಜನಗಣತಿ 'ಕೆಲಸಗಾರರಲ್ಲದವರ' ಪಟ್ಟಿಗೆ ಸೇರಿಸುತ್ತ ಬಂದಿದೆ.

ಉರ್ದುವಿನಲ್ಲಿ ಉತ್ಪನ್ನಕ್ಕೆ 'ಪೈದಾವಾರ್' ಎನ್ನುತ್ತಾರೆ. ಅದರ ಜೊತೆಗೇ ನಮ್ಮ ಮನೆಗಳಲ್ಲಿ 'ಬರಕತ್ತು' ಎಂಬ ಇನ್ನೊಂದು ಮಾತಿದೆ. ಇದ್ದದ್ದು ಸ್ವಲ್ಪವೇ ಆದರೂ ಎಲ್ಲರಿಗೂ ಸಾಲುವುದೇ ಬರಕತ್ತು. ಕಣದಲ್ಲಿ ರಾಗಿ ಅಳೆಯುವ ಒಕ್ಕಲಿಗನೂ ಮೊದಲ ಅಳತೆಯನ್ನು 'ಒಂದು' ಎನ್ನದೆ 'ಲಾಭ' ಎನ್ನುತ್ತಾನೆ. ಎಣಿಕೆ ಶುರುವಾಗುವುದೇ ಒಂದು ಹಾರೈಕೆಯಿಂದ. ಎರಡೂ ಮಾತುಗಳಲ್ಲಿ ಬೆಳೆ ಎಷ್ಟು ಎಂಬುದರ ಜೊತೆ ಅದು ಯಾರ ಹೊಟ್ಟೆಗೆ ಎಂಬ ಕಾಳಜಿಯೂ ಇದೆ.

ಹಾಸಿಗೆ ಹಿಡಿದ ತಾಯಿಯ ಉತ್ಪಾದಕತೆ ಸೊನ್ನೆ. ಅವಳ ಪಕ್ಕದಲ್ಲಿ ಕುಳಿತು ಕಳೆದ ಮಧ್ಯಾಹ್ನದ್ದೂ ಸೊನ್ನೆಯೇ. ಆ ಮಧ್ಯಾಹ್ನವನ್ನು 'ವ್ಯರ್ಥವಾಯಿತು' ಎಂದು ನಾವು ಹೇಳತೊಡಗಿದ ದಿನ, ಗದ್ದೆಗೆಂದು ಮಾಡಿದ ಅಳತೆಗೋಲಿನಿಂದ ಮನೆಯನ್ನೂ ಅಳೆದಂತಾಯಿತು.